ಬಿಸಿಲಿಗೆ ಬೆಂದ ತೊಗಲು: ಕಾರಿನ ಡ್ಯಾಶ್‌ಬೋರ್ಡ್ ದುರಸ್ತಿಯ ವಿಜ್ಞಾನ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅತಿ ಹೆಚ್ಚು ಕಾಯುವ ಭಾಗವೆಂದರೆ ಮುಂಗಾಜಿನ ಅಡಿಯಲ್ಲಿ ಆಕಾಶಕ್ಕೆ ಮುಖ ಮಾಡಿ ಮಲಗಿರುವ ಡ್ಯಾಶ್‌ಬೋರ್ಡ್. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬೇಸಿಗೆಯ ದಿನಗಳಲ್ಲಿ ಒಂದು ಗಂಟೆ ಬಿಸಿಲಿಗೆ ಬಿಟ್ಟ ಕಾರುಗಳ ಒಳಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್‌ಗೂ ಸೀಟು 51 ಡಿಗ್ರಿಗೂ ಏರಿದರೆ, ಡ್ಯಾಶ್‌ಬೋರ್ಡ್ 69 ಡಿಗ್ರಿ ಮುಟ್ಟಿತ್ತು; ನೆರಳಿನಲ್ಲಿದ್ದ ಕಾರುಗಳ ಡ್ಯಾಶ್‌ಬೋರ್ಡ್ ಮಾತ್ರ 48 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿದಿತ್ತು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬಯಲಿನಲ್ಲಿ ನಿಂತ ಕಾರುಗಳ ಪಾಡೂ ಇದಕ್ಕಿಂತ ಬೇರೆಯಾಗಿರಲಾರದು. ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ಆ ಬೆಳಕನ್ನು ಹೀರಿ ಕಾದ ವಸ್ತು ಹೊರಸೂಸುವ ದೀರ್ಘ ಅಲೆಯ ಅವಕೆಂಪು ಕಿರಣಗಳನ್ನು ಹೊರಗೆ ಹೋಗಗೊಡುವುದಿಲ್ಲ. ಮುಚ್ಚಿದ ಕಾರಿನಿಂದ ಬಿಸಿಗಾಳಿ ಮೇಲೆದ್ದು ಪಾರಾಗುವ ದಾರಿಯೂ ಇಲ್ಲವಾದ್ದರಿಂದ ಶಾಖವು ಒಳಗೇ ಕೂಡಿಕೊಳ್ಳುತ್ತದೆ. ಮುಂಗಾಜು ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದದ್ದು, ಆ ಪದರವು ಅತಿನೇರಳೆ ಕಿರಣಗಳ ಬಹುಪಾಲನ್ನು ಹೀರಿಬಿಡುತ್ತದೆ. ಹೀಗಾಗಿ ಡ್ಯಾಶ್‌ಬೋರ್ಡಿನ ತೊಗಲಿಗೆ ಆಗುವ ಹಾನಿಯಲ್ಲಿ ಅತಿನೇರಳೆಗಿಂತ ಶಾಖದ ಪಾಲೇ ದೊಡ್ಡದು.

ದುರಸ್ತಿಯ ಮಾತಿಗೆ ಮೊದಲು ಕೈಗೆ ತಾಗುತ್ತಿರುವುದು ತೊಗಲೇ ಹೌದೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ರಸ್ತೆಯ ಮೇಲಿರುವ ಬಹುಪಾಲು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ತೊಗಲಿನ ತುಣುಕೂ ಇರುವುದಿಲ್ಲ. ಅಲ್ಲಿರುವುದು ತೊಗಲಿನ ಅಚ್ಚು ಒತ್ತಿದ ಪ್ಲಾಸ್ಟಿಕ್, ಇಲ್ಲವೇ ಜನ ಸಾಮಾನ್ಯವಾಗಿ ರೆಕ್ಸಿನ್ ಎಂದು ಕರೆಯುವ ಕೃತಕ ಚರ್ಮ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಹೊದಿಕೆಯನ್ನು ಮೆತ್ತಗಿಡಲು ಅದರಲ್ಲಿ ಎಣ್ಣೆಯಂಥ ಮೃದುಕಾರಕಗಳನ್ನು ಬೆರೆಸಿರುತ್ತಾರೆ, ಅವು ಶಾಖಕ್ಕೆ ಮೆಲ್ಲಮೆಲ್ಲನೆ ಆವಿಯಾಗಿ ಹೊರಬಿದ್ದು ಮುಂಗಾಜಿನ ಒಳಮೈಗೆ ಜಿಡ್ಡಿನ ಮಂಜಾಗಿ ಅಂಟುತ್ತವೆ ಮತ್ತು ಹೊದಿಕೆಯು ಸೆಟೆದು ಬಿರಿಯುತ್ತದೆ. ಕಳಚಿಕೊಂಡ ಅಂಚೊಂದನ್ನು ಎತ್ತಿ ಹಿಂಬದಿಯನ್ನು ನೋಡಿದರೆ ಸಂಶಯ ಬಗೆಹರಿಯುತ್ತದೆ: ಹಿಂದೆ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್, ನಯವಾದ ಜೂಲಿನಂತೆ, ಯಾವ ನೇಯ್ಗೆಯೂ ಇಲ್ಲದೆ ಒಂದರೊಳಗೊಂದು ಹೆಣೆದುಕೊಂಡ ನಾರು ಕಂಡರೆ ಅದು ತೊಗಲು. ಈ ಲೇಖನದ ವಿಷಯ ಎರಡನೆಯದು.

ತೊಗಲಿನ ನಾರೆಂದರೆ ಕೊಲ್ಯಾಜನ್ ಎಂಬ ಪ್ರೋಟೀನು. ಮೂರು ಉದ್ದನೆಯ ಪ್ರೋಟೀನು ಎಳೆಗಳು ಹಗ್ಗ ಹೊಸೆದಂತೆ ಒಂದನ್ನೊಂದು ಸುತ್ತಿಕೊಂಡು ಇದರ ಒಂದು ಅಣು ಆಗುತ್ತದೆ, ಅಂಥ ಅಣುಗಳು ಒಟ್ಟುಗೂಡಿ ತಂತು, ತಂತುಗಳು ಕೂಡಿ ನಾರು, ನಾರುಗಳು ಹೆಣೆದುಕೊಂಡು ಚರ್ಮ. ಈ ಮೂರೆಳೆಯ ಹುರಿಯ ರಚನೆಯನ್ನು ಮೊದಲು ಮುಂದಿಟ್ಟವರು ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ, ಅದು 1954ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅದೇ ಸಂಸ್ಥೆಗೆ ಮರಳಿ ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು. ಪ್ರತಿಯೊಂದು ಎಳೆಯಲ್ಲಿಯೂ ಮೂರನೆಯ ಸ್ಥಾನವು ತಪ್ಪದೆ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲದ್ದು. ಅದು ಚಿಕ್ಕದಾಗಿರುವುದರಿಂದಲೇ ಮೂರು ಎಳೆಗಳು ಅಷ್ಟು ಬಿಗಿಯಾಗಿ ಹೊಸೆದುಕೊಳ್ಳಲು ಸಾಧ್ಯವಾಗಿದೆ. ಎಳೆಗಳ ನಡುವೆ ಹೈಡ್ರೋಜನ್ ಬಂಧಗಳೆಂಬ ದುರ್ಬಲವಾದರೂ ಅಸಂಖ್ಯವಾದ ಹಿಡಿತಗಳಿವೆ. ಶಾಖ ಒಂದು ಮಿತಿಯನ್ನು ದಾಟಿದೊಡನೆ ಈ ಹಿಡಿತಗಳು ಒಟ್ಟಿಗೆ ಸಡಿಲಿ ಹುರಿ ಬಿಚ್ಚಿಕೊಳ್ಳುತ್ತದೆ, ನೀಳವಾಗಿದ್ದ ಎಳೆಗಳು ಸಿಕ್ಕುಸಿಕ್ಕಾಗಿ ಮುದುಡುತ್ತವೆ ಮತ್ತು ತೊಗಲು ನೋಡನೋಡುತ್ತಲೇ ಕುಗ್ಗುತ್ತದೆ. ಕಾಲು ಸೂಪು ಕುದಿದು ಆರಿದ ಮೇಲೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ಇದೇ ಕಾರಣದಿಂದ. ಅಲ್ಲಿ ಕೊಲ್ಯಾಜನ್ ಜೆಲಾಟಿನ್ ಆಗಿ ಮಾರ್ಪಟ್ಟಿರುತ್ತದೆ. ಸೂಪಿನ ಜೆಲಾಟಿನ್ನನ್ನು ಮತ್ತೆ ಚರ್ಮವಾಗಿಸುವುದು ಹೇಗೆ ಅಸಾಧ್ಯವೋ ಹಾಗೆಯೇ ಕುಗ್ಗಿದ ತೊಗಲನ್ನು ಹಿಂದಿನ ಅಳತೆಗೆ ತರುವುದೂ ಅಸಾಧ್ಯ.

ಈ ಮಿತಿಯನ್ನು ಕುಗ್ಗುವಿಕೆಯ ತಾಪಮಾನ ಎನ್ನುತ್ತಾರೆ, ಅದನ್ನು ತೊಗಲಿನ ಪಟ್ಟಿಯನ್ನು ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ಕಾಯಿಸುತ್ತಾ ಅಳೆಯುತ್ತಾರೆ. ಹದ ಮಾಡದ ಹಸಿ ಚರ್ಮ ಸುಮಾರು 60ರಿಂದ 65 ಡಿಗ್ರಿಗೆ ಕುಗ್ಗುತ್ತದೆ. ತಂಗಡಿಯ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರಿನಿಂದ ಹದ ಮಾಡಿದ್ದು ಸಾಮಾನ್ಯವಾಗಿ 70ರಿಂದ 85 ಡಿಗ್ರಿಯವರೆಗೂ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಕ್ರೋಮಿಯಂ ಲವಣಗಳಿಂದ ಹದ ಮಾಡಿದ್ದು 100 ಡಿಗ್ರಿಯವರೆಗೂ, ಕೆಲವೊಮ್ಮೆ ಅದಕ್ಕೂ ಮೇಲಕ್ಕೂ ತಡೆಯುತ್ತದೆ. ಹದ ಮಾಡುವುದೆಂದರೆ ಕೊಲ್ಯಾಜನ್ ಎಳೆಗಳ ನಡುವೆ ಹೊಸ ಬೆಸುಗೆಗಳನ್ನು ಹಾಕುವುದೇ ಆದ್ದರಿಂದ ಬೆಸುಗೆ ಬಲವಾದಷ್ಟೂ ತಾಳಿಕೆ ಹೆಚ್ಚು. ಡ್ಯಾಶ್‌ಬೋರ್ಡಿಗಾಗಿಯೇ ತಯಾರಾಗುವ ತೊಗಲನ್ನು ಅನೇಕ ವೇಳೆ ಕ್ರೋಮಿಯಂ ಇಲ್ಲದೆ, ಗ್ಲುಟರಾಲ್ಡಿಹೈಡ್ ಎಂಬ ಸಾವಯವ ರಾಸಾಯನಿಕದಿಂದ ಹದ ಮಾಡುತ್ತಾರೆ. ನೀರಿನಲ್ಲಿ ಅದರ ತಾಳಿಕೆ ಕ್ರೋಮ್ ತೊಗಲಿಗಿಂತ ಕಡಿಮೆಯಾದರೂ ಒಣ ಶಾಖದಲ್ಲಿ ಅದರ ಅಳತೆ ಅಷ್ಟಾಗಿ ಕದಲುವುದಿಲ್ಲ ಎಂಬುದೇ ಈ ಆಯ್ಕೆಗೆ ಕಾರಣ.

ಇಲ್ಲಿ ದುರಸ್ತಿಯ ಮಟ್ಟಿಗೆ ಬಹಳ ಮುಖ್ಯವಾದ ಒಂದು ಸಂಗತಿ ಅಡಗಿದೆ. ಮೇಲಿನ ಅಂಕಿಗಳೆಲ್ಲ ನೆನೆದ ತೊಗಲಿನವು. ಒಣಗಿದ ತೊಗಲು ಅವಕ್ಕಿಂತ ಎಷ್ಟೋ ಹೆಚ್ಚಿನ ಶಾಖವನ್ನು ಹುರಿ ಬಿಚ್ಚದೆ ಸಹಿಸಿಕೊಳ್ಳಬಲ್ಲದು, ಏಕೆಂದರೆ ಎಳೆಗಳು ಅಲುಗಾಡಲು ನೀರಿನ ಸಡಿಲಿಕೆ ಬೇಕು. ಆದರೆ ವರ್ಷಗಟ್ಟಲೆ ಬಿಸಿಲುಂಡ ತೊಗಲಿನಲ್ಲಿ ಶಾಖವೂ ಬೆಳಕೂ ಗಾಳಿಯ ಆಮ್ಲಜನಕವೂ ಸೇರಿ ಎಳೆಗಳನ್ನೂ ಬೆಸುಗೆಗಳನ್ನೂ ಅಲ್ಲಲ್ಲಿ ಕತ್ತರಿಸಿರುತ್ತವೆ, ಅದರ ಕುಗ್ಗುವಿಕೆಯ ತಾಪಮಾನ ಹೊಸದಾಗಿದ್ದಾಗ ಇದ್ದುದಕ್ಕಿಂತ ಕೆಳಗಿಳಿದಿರುತ್ತದೆ. ಅಂಥ ಹಳೆಯ ತೊಗಲು ಬಿಸಿಲಿನಲ್ಲಿ 70 ಡಿಗ್ರಿ ಕಾದಿರುವಾಗ ಅದನ್ನು ತಣಿಸುವ ಒಳ್ಳೆಯ ಉದ್ದೇಶದಿಂದ ಒದ್ದೆ ಬಟ್ಟೆಯನ್ನು ಹಾಸಿದರೆ, ಒಣಗಿದ್ದರಿಂದಲೇ ಇಲ್ಲಿಯವರೆಗೆ ಬದುಕಿದ್ದ ನಾರಿಗೆ ಶಾಖ ಮತ್ತು ನೀರು ಒಟ್ಟಿಗೆ ಸಿಕ್ಕಂತಾಗುತ್ತದೆ. ಹಬೆ ಹಾಯಿಸುವುದು ಇನ್ನೂ ಅಪಾಯಕರ. ತೊಗಲಿಗೆ ಸಂಬಂಧಿಸಿದ ಯಾವ ಕೆಲಸವನ್ನೇ ಆದರೂ ಕಾರು ನೆರಳಿನಲ್ಲಿ ನಿಂತು ಪೂರ್ತಿ ತಣಿದ ಮೇಲೆ, ಸಾಧ್ಯವಾದರೆ ಬೆಳಗಿನ ಹೊತ್ತಿನಲ್ಲಿ ಮಾಡಬೇಕೆಂಬ ಎಚ್ಚರಿಕೆಯ ಹಿಂದಿರುವ ಕಾರಣ ಇದು.

ಹೀಗೆ ನೋಡಿದರೆ ಶಾಖದ ಹಾನಿಯು ಎರಡು ತೀರ ಬೇರೆ ಬಗೆಯದು. ಒಂದು, ನಷ್ಟ: ತೊಗಲು ಮೆತ್ತಗಿರಲು ಅದರಲ್ಲಿ ಸಾಕಷ್ಟು ತೇವ ಬೇಕು, ನಾರುಗಳು ಒಂದರ ಮೇಲೊಂದು ಜಾರಲು ಹದ ಮಾಡುವಾಗ ಊಡಿಸಿದ ಕೊಬ್ಬು ಮತ್ತು ಎಣ್ಣೆಗಳು ಬೇಕು, ಶಾಖಕ್ಕೆ ತೇವ ಆರುತ್ತದೆ, ಎಣ್ಣೆಯ ಹಗುರ ಅಂಶ ಹಾರುತ್ತದೆ, ತೊಗಲು ಬಿಗಿಯುತ್ತದೆ. ಇನ್ನೊಂದು, ಪ್ರೋಟೀನಿನ ಹುರಿಯೇ ಬಿಚ್ಚಿಹೋಗುವುದು. ಮೊದಲನೆಯದಕ್ಕೆ ಚಿಕಿತ್ಸೆ ಉಂಟು, ಎರಡನೆಯದಕ್ಕೆ ಇಲ್ಲ. ಡ್ಯಾಶ್‌ಬೋರ್ಡ್ ದುರಸ್ತಿಗಳು ಕೈಕೊಡುವುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಗುರುತಿಸದೆ, ಬೆಂದು ಸತ್ತ ನಾರಿಗೆ ಎಣ್ಣೆ ಕುಡಿಸುತ್ತಾ ಹೋಗುವುದರಿಂದ.

ವ್ಯತ್ಯಾಸವನ್ನು ಗುರುತಿಸಲು ಹೆಬ್ಬೆರಳು ಮತ್ತು ಒಂದು ಭೂತಗನ್ನಡಿ ಸಾಕು. ತಣಿದ ತೊಗಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುತ್ತಲೂ ಸಣ್ಣ ನಿರಿಗೆಗಳು ಮೂಡಿ, ಬೆರಳೆತ್ತಿದೊಡನೆ ಮಾಯವಾದರೆ ನಾರು ಜೀವಂತವಾಗಿದೆ. ಒತ್ತಿದರೂ ನಿರಿಗೆ ಮೂಡದೆ, ಉಗುರಿನಿಂದ ತಟ್ಟಿದರೆ ಒಣ ಹಪ್ಪಳದಂಥ ಸದ್ದು ಬಂದರೆ ಅದು ಬೆಂದಿದೆ. ಬಿರುಕಿನೊಳಗೆ ಭೂತಗನ್ನಡಿ ಹಿಡಿದಾಗ ತಳದಲ್ಲಿ ನುಣುಪಾದ ಮೈ ಕಂಡರೆ ಬಿರಿದಿರುವುದು ಮೇಲಿನ ಬಣ್ಣದ ಪದರ ಮಾತ್ರ, ಅದರ ದಪ್ಪವೋ ಕೂದಲೆಳೆಗಿಂತಲೂ ಕಡಿಮೆ. ನಾರಿನ ತುದಿಗಳು ಕೆದರಿ ನಿಂತಿದ್ದರೆ ತೊಗಲೇ ಸೀಳಿದೆ ಎಂದರ್ಥ. ಮುಂಗಾಜಿನ ಬುಡದಲ್ಲಿಯೂ ಗಾಳಿ ಬರುವ ಕಿಂಡಿಗಳ ಸುತ್ತಲೂ ಅಂಚು ಒಳಸರಿದು ಕೆಳಗಿನ ಫೋಮ್ ಇಣುಕುತ್ತಿದ್ದರೆ, ಹೊಲಿಗೆಯ ತೂತುಗಳು ದುಂಡಗಿನ ಆಕಾರ ಕಳೆದುಕೊಂಡು ಉದ್ದಕ್ಕೆ ಎಳೆದುಕೊಂಡಿದ್ದರೆ, ಕುಗ್ಗುವಿಕೆ ನಡೆದುಹೋಗಿದೆ.

ಬಣ್ಣದ ಪದರಕ್ಕಷ್ಟೇ ಆದ ಹಾನಿಯ ದುರಸ್ತಿ ತೊಳೆಯುವುದರಿಂದ ಮೊದಲಾಗುತ್ತದೆ. ಹದ ಮಾಡಿದ ತೊಗಲು ಸ್ವಭಾವತಃ ತುಸು ಆಮ್ಲೀಯವಾದುದು, ಬಟ್ಟೆ ಸೋಪು ಕ್ಷಾರೀಯವಾದುದು. ಆದ್ದರಿಂದ ಸೋಪಿನ ಬದಲು ತೊಗಲಿಗೆಂದೇ ತಯಾರಿಸಿದ ಸೌಮ್ಯ ಕ್ಲೀನರ್‌ನ ನೊರೆಯನ್ನು ಮೆತ್ತನೆಯ ಬ್ರಷ್ಷಿನಿಂದ ಆಡಿಸಿ, ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯುವುದು ಯೋಗ್ಯ. ಬಳಿಕ ಹಿಂದೆ ಬಳಿದಿದ್ದ ಸಿಲಿಕೋನ್ ಪಾಲಿಷ್‌ಗಳ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ, ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ ನೋಡಿ, ತೆಗೆಯಬೇಕಾಗುತ್ತದೆ. ಸಿಲಿಕೋನ್‌ನ ಕಣವಿದ್ದ ಕಡೆ ಹೊಸ ಬಣ್ಣ ಹರಡಿಕೊಳ್ಳದೆ ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ. ಬಿರುಕಿನ ಅಂಚುಗಳನ್ನು ನಯವಾದ, 400ರಿಂದ 600 ನಂಬರಿನ ಎಮ್ರಿ ಪೇಪರಿನಿಂದ ಹಗುರವಾಗಿ ಉಜ್ಜಿ ಸಮ ಮಾಡಿದ ಮೇಲೆ ತುಂಬುವ ಮೆತ್ತಿನ ಸರದಿ. ಇದು ನೀರಿನಲ್ಲಿ ತೇಲುವ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಕಣಗಳ ಮುದ್ದೆ. ನೀರು ಆರುತ್ತಾ ಬಂದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಬಾಗುವ ಪೊರೆಯಾಗುತ್ತವೆ. ಒಂದೇ ಸಲಕ್ಕೆ ದಪ್ಪ ಹಚ್ಚಿದರೆ ಮೇಲ್ಮೈ ಮೊದಲು ಮುಚ್ಚಿಕೊಂಡು ಒಳಗೆ ನೀರು ಉಳಿಯುತ್ತದೆ, ಮರುದಿನದ ಬಿಸಿಲಿಗೆ ಅದು ಗುಳ್ಳೆಯೇಳುತ್ತದೆ. ಆದ್ದರಿಂದ ಕಾಗದದಷ್ಟು ತೆಳುವಾಗಿ ಹಚ್ಚುವುದು, ಆರಿಸುವುದು, ಉಜ್ಜುವುದು, ಮತ್ತೆ ಹಚ್ಚುವುದು ಎಂಬ ತಾಳ್ಮೆಯ ಕೆಲಸ ಇದಾಗಿದೆ. ಕ್ಷಣಾರ್ಧದಲ್ಲಿ ಹಿಡಿಯುವ ಅಂಟನ್ನಾಗಲಿ ಎಪಾಕ್ಸಿಯನ್ನಾಗಲಿ ಬಿರುಕಿಗೆ ಸುರಿಯಬಾರದು. ಅವು ನಾರಿನೊಳಗೆ ಇಳಿದು ಕಲ್ಲಾಗುತ್ತವೆ, ಪ್ರತಿದಿನ ಹಿಗ್ಗಿ ಕುಗ್ಗುವ ತೊಗಲು ಆ ಕಲ್ಲಿನ ಅಂಚಿನಲ್ಲಿಯೇ ಮತ್ತೆ ಬಿರಿಯುತ್ತದೆ.

ಕೊನೆಯ ಮೆತ್ತು ಹಸಿಯಿರುವಾಗಲೇ, ಹಾಳಾಗದ ಭಾಗದಿಂದ ಮೊದಲೇ ತೆಗೆದಿಟ್ಟ ಸಿಲಿಕೋನ್ ಅಚ್ಚನ್ನು ಅದರ ಮೇಲೆ ಒತ್ತಿದರೆ ತೊಗಲಿನ ಗೆರೆಗಳು ಮೂಡಿಬರುತ್ತವೆ. ಬಣ್ಣವನ್ನು ಹಗಲು ಬೆಳಕಿನಲ್ಲಿ ಹೊಂದಿಸಿಕೊಂಡು, ಸ್ಪ್ರೇ ಗನ್ನಿನಿಂದ ತೆಳುವಾಗಿ ಹಲವು ಸಲ ಹಾಯಿಸಿ, ಮೇಲೆ ರಕ್ಷಣೆಯ ಪದರವನ್ನು ಕೊಡುತ್ತಾರೆ. ಈ ಪದರ ಮಂಕಾಗಿಯೇ ಇರಬೇಕು. ಹೊಳಪು ಚೆನ್ನಾಗಿ ಕಾಣುತ್ತದೆಂದು ಬಯಸುವವರು ಉಂಟು, ಆದರೆ ಹೊಳೆಯುವ ಡ್ಯಾಶ್‌ಬೋರ್ಡ್ ಮುಂಗಾಜಿನಲ್ಲಿ ಪ್ರತಿಫಲಿಸಿ ಚಾಲಕರ ಕಣ್ಣಿಗೂ ರಸ್ತೆಗೂ ನಡುವೆ ಬೆಳಕಿನ ಪರದೆ ಎಳೆಯುತ್ತದೆ. ಲೆದರ್ ಕಂಡೀಷನರ್‌ಗಳ ಬಗ್ಗೆಯೂ ಒಂದು ಮಾತು: ಬಣ್ಣದ ಪದರ ಗಟ್ಟಿಯಾಗಿರುವ ತೊಗಲಿನಲ್ಲಿ ಅವು ಒಳಗಿಳಿಯುವುದು ಅತ್ಯಲ್ಪ. ಬೇಸಿಗೆಯಲ್ಲಿ ಮುಂಗಾಜಿನ ಒಳಗೆ ಬೆಳ್ಳಿಬಣ್ಣದ ಮಡಿಸುವ ಪರದೆಯೊಂದನ್ನು ನಿಲ್ಲಿಸುವುದರಿಂದ ಆಗುವ ಉಪಕಾರ, ಬಾಟಲಿಗಟ್ಟಲೆ ಕಂಡೀಷನರ್ ಬಳಿಯುವುದರಿಂದ ಆಗುವುದಿಲ್ಲ.

ಕುಗ್ಗಿ ಸೆಟೆದ ತೊಗಲಿಗೆ ಇರುವ ಪರಿಹಾರ ಒಂದೇ, ಹೊಸ ಹೊದಿಕೆ. ನುರಿತ ಕುಶನ್ ಕೆಲಸದವರು ಡ್ಯಾಶ್‌ಬೋರ್ಡನ್ನು ಕಳಚಿ, ಹಳೆಯ ತೊಗಲನ್ನು ಹೊಲಿಗೆ ಬಿಚ್ಚಿ ತೆಗೆದು, ಅದು ಕುಗ್ಗಿರುವ ಪ್ರಮಾಣವನ್ನು ಕೆಳಗಿನ ಅಚ್ಚಿನ ಮೇಲೆ ಅಳೆದು ಸರಿಪಡಿಸಿ ಹೊಸ ತೊಗಲನ್ನು ಕತ್ತರಿಸುತ್ತಾರೆ. ಮಡಿಕೆ ಬರುವ ಅಂಚುಗಳನ್ನು ಹಿಂಬದಿಯಿಂದ ಹೆರೆದು ತೆಳುಮಾಡುವುದು, ಶಾಖಕ್ಕೆ ಮೆತ್ತಗಾಗದ ಅಂಟನ್ನು ಆರಿಸುವುದು, ಎಳೆಯುವಾಗ ಬಿಗಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಇಲ್ಲಿಯ ಕುಶಲತೆಗಳು. ಅಗ್ಗದ ಅಂಟು ಮೊದಲ ಬೇಸಿಗೆಯಲ್ಲಿಯೇ ಸಡಿಲಿ ಒಳಬಾಗಿದ ಜಾಗಗಳಲ್ಲಿ ತೊಗಲು ಉಬ್ಬಿ ನಿಲ್ಲುತ್ತದೆ.

ಆದರೆ ಎಡಬದಿಯಲ್ಲಿ, ಪ್ರಯಾಣಿಕರ ಸೀಟಿನ ಎದುರಿಗೆ ಇರುವ ಭಾಗ ಈ ಎಲ್ಲ ಮಾತುಗಳಿಗೂ ಹೊರತಾದುದು. ಅಲ್ಲಿ ತೊಗಲಿನ ಅಡಿಯಲ್ಲಿ ಏರ್‌ಬ್ಯಾಗ್ ಇರುತ್ತದೆ, ಅಪಘಾತವಾದಾಗ ಅದು ಕಣ್ಣು ಮಿಟುಕಿಸುವುದಕ್ಕೂ ಮೊದಲು ತೊಗಲನ್ನು ಹರಿದುಕೊಂಡು ಹೊರಬರಬೇಕು. ಅದಕ್ಕಾಗಿ ಕಾರ್ಖಾನೆಯಲ್ಲಿ ತೊಗಲಿನ ಹಿಂಬದಿಗೆ ಮೇಲೆ ಕಾಣದಂತೆ ಗೀರು ಹಾಕಿ ನಿರ್ದಿಷ್ಟ ಗೆರೆಯಲ್ಲಿ ಅದನ್ನು ದುರ್ಬಲಗೊಳಿಸಿರುತ್ತಾರೆ, ಇಲ್ಲವೇ ನಿಶ್ಚಿತ ಬಲಕ್ಕೆ ಕಿತ್ತುಹೋಗುವ ದಾರದಿಂದ ಹೊಲಿದಿರುತ್ತಾರೆ. ಆ ಗೆರೆಯ ಮೇಲೆ ಮೆತ್ತು ತುಂಬಿದರೆ, ಹಿಂದಿನಿಂದ ಬಟ್ಟೆಯ ತೇಪೆ ಅಂಟಿಸಿದರೆ, ಅಥವಾ ಸಾಮಾನ್ಯ ತೊಗಲನ್ನು ಗಟ್ಟಿ ದಾರದಿಂದ ಹೊಲಿದು ಹೊದಿಸಿದರೆ ಏರ್‌ಬ್ಯಾಗ್ ತಡವಾಗಿ ಅಥವಾ ಅಡ್ಡದಿಡ್ಡಿಯಾಗಿ ತೆರೆದುಕೊಳ್ಳಬಹುದು. ಆ ಜಾಗದಲ್ಲಿ ಬಿರುಕು ಕಂಡವರು ಸ್ವತಃ ಕೈಹಾಕದೆ, ರಸ್ತೆಬದಿಯ ದುರಸ್ತಿಗೂ ಕೊಡದೆ, ಕಾರು ತಯಾರಕರು ಅದೇ ಮಾದರಿಗೆ ಒದಗಿಸುವ ಹೊಸ ಭಾಗವನ್ನೇ ಹಾಕಿಸಬೇಕು. ಖರ್ಚು ಹೆಚ್ಚೆನಿಸಿದರೆ ಬಿರುಕನ್ನು ಹಾಗೆಯೇ ಬಿಟ್ಟಿರುವುದು ತೇಪೆ ಹಾಕಿಸುವುದಕ್ಕಿಂತ ಮೇಲು.