ಹೊಗೆಯಿದ್ದರೆ ಬೆಂಕಿ: ತರ್ಕದ ಸಾಧನೆಯಲ್ಲೂ ಕಲನದ ಗರಿಷ್ಠ-ಕನಿಷ್ಠಗಳಲ್ಲೂ ಒಂದೇ ತೊಡಕು

ಆಕಾರಿಕ ತರ್ಕವೂ ಕಲನಶಾಸ್ತ್ರವೂ ವಿಶ್ವವಿದ್ಯಾಲಯಗಳ ಪಠ್ಯಕ್ರಮದಲ್ಲಿ ಬೇರೆ ಬೇರೆ ವಿಭಾಗಗಳಿಗೆ ಸೇರಿದ ವಿಷಯಗಳು. ಮೊದಲನೆಯದನ್ನು ತತ್ತ್ವಶಾಸ್ತ್ರದವರೂ ಗಣಕವಿಜ್ಞಾನದವರೂ ಓದುತ್ತಾರೆ. ಎರಡನೆಯದನ್ನು ವಿಜ್ಞಾನದ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳು. ಆದರೆ ಇವೆರಡರಲ್ಲಿಯೂ ವಿದ್ಯಾರ್ಥಿಗಳು ಎಡವುವ ಸ್ಥಳ ಬಹುಮಟ್ಟಿಗೆ ಒಂದೇ ಆಗಿದೆ. ಲೆಕ್ಕಾಚಾರದಲ್ಲಿ ಅವರು ತಪ್ಪುವುದು ಕಡಿಮೆ. ವಾಕ್ಯವನ್ನು ಓದುವುದರಲ್ಲಿ ತಪ್ಪುವುದು ಹೆಚ್ಚು. ‘ಇದಾದರೆ ಅದು’ ಎಂಬ ಮಾತನ್ನು ‘ಅದಾದರೆ ಇದು’ ಎಂದು ಗ್ರಹಿಸಿ, ಮುಂದಿನ ಹೆಜ್ಜೆಗಳನ್ನೆಲ್ಲ ದೋಷವಿಲ್ಲದೆ ಇಟ್ಟು, ಕೊನೆಗೆ ತಪ್ಪು ಉತ್ತರಕ್ಕೆ ತಲಪುತ್ತಾರೆ. ತೊಡಕು ವಾಕ್ಯದ್ದಾದುದರಿಂದ ಭಾಷೆಯ ಅಧ್ಯಯನಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಅದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು. ಇಂಗ್ಲಿಷಿನಲ್ಲಿ ಪಾಠ ಕೇಳಿ ಮನೆಯಲ್ಲಿ ಕನ್ನಡವಾಡುವ ಹೊರನಾಡಿನ ವಿದ್ಯಾರ್ಥಿಗೆ ಇದರಿಂದ ಪ್ರಯೋಜನವೂ ಉಂಟು.

ನಿಬಂಧಕ ವಾಕ್ಯಗಳಿಗೆ ಕನ್ನಡದಲ್ಲಿ ಮೂರು ರೂಪಗಳು ಕೈಯಳತೆಯಲ್ಲೇ ಇವೆ. ‘ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ’ ಎಂದಾಗ ಒದ್ದೆಯಾಗಲು ಮಳೆ ಸಾಕು. ‘ಮಳೆ ಬಂದರಷ್ಟೇ ಅಂಗಳ ಒದ್ದೆಯಾಗುತ್ತದೆ’ ಎಂದಾಗ ಮಳೆ ಬೇಕೇ ಬೇಕು. ಸಾಕೋ ಇಲ್ಲವೋ ಎಂಬುದನ್ನು ವಾಕ್ಯ ಹೇಳುವುದಿಲ್ಲ. ‘ಮಳೆ ಬಂದರೂ ಅಂಗಳ ಒದ್ದೆಯಾಗಲಿಲ್ಲ’ ಎಂಬ ಒಂದೇ ನಿದರ್ಶನ ಮೊದಲನೆಯ ಮಾತನ್ನು ಕೆಡವಲು ಸಮರ್ಥವಾಗಿದೆ. ‘ರೆ’, ‘ರಷ್ಟೇ’, ‘ರೂ’ ಎಂಬ ಈ ತುದಿಗಳು ಕ್ರಿಯಾಪದಕ್ಕೇ ಅಂಟಿಕೊಂಡು ನಿಲ್ಲುವುದರಿಂದ ಯಾವುದು ಯಾವುದಕ್ಕೆ ನಿಬಂಧನೆಯೆಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಇಂಗ್ಲಿಷಿನ ‘ಓನ್ಲಿ ಇಫ್’ ವಿದ್ಯಾರ್ಥಿಗಳಿಗೆ ಒಡ್ಡುವ ಗೊಂದಲ ಇಲ್ಲಿ ಅಷ್ಟಾಗಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಆದರೂ ದಿನಬಳಕೆಯ ಮಾತು ತರ್ಕದ ಶಿಸ್ತಿಗೆ ಪೂರ್ತಿ ಒಳಪಟ್ಟದ್ದಲ್ಲ. ‘ಊಟ ಮಾಡಿದರೆ ಕಥೆ ಹೇಳುತ್ತೇನೆ’ ಎಂದು ತಾಯಿ ಹೇಳಿದಾಗ, ಊಟ ಮಾಡದಿದ್ದರೆ ಕಥೆಯಿಲ್ಲವೆಂದು ಮಗು ತಿಳಿಯುತ್ತದೆ. ತಾಯಿಯ ಇಂಗಿತವೂ ಅದೇ. ಆದರೆ ಅವಳು ಆಡಿದ ವಾಕ್ಯದಲ್ಲಿ ಅದಿಲ್ಲ. ಇಂಗಿತವನ್ನು ವಾಕ್ಯಾರ್ಥವೆಂದು ಎಣಿಸುವ ಈ ಬಾಲ್ಯದ ಅಭ್ಯಾಸವೇ ಮುಂದೆ ತರಗತಿಯಲ್ಲಿ ತೊಂದರೆ ಕೊಡುತ್ತದೆ.

ನಮ್ಮ ನೈಯಾಯಿಕರು ಈ ತೊಡಕನ್ನು ಬಹು ಹಿಂದೆಯೇ ಗುರುತಿಸಿದ್ದರು. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವ ಉದಾಹರಣೆ ಸುಪ್ರಸಿದ್ಧ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ವ್ಯಾಪ್ತಿಯೇ ಅದಕ್ಕೆ ಆಧಾರ. ಅದನ್ನು ತಿರುಗಿಸಿ, ಬೆಂಕಿಯಿರುವುದರಿಂದ ಹೊಗೆಯಿದೆ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಗೆ ಹಸಿ ಸೌದೆಯ ಸಂಯೋಗವೂ ಆಗಬೇಕು. ಇಂಥ ಹೆಚ್ಚಿನ ನಿಬಂಧನೆಗೆ ಅವರಿಟ್ಟ ಹೆಸರು ‘ಉಪಾಧಿ’. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಂಥ ಬಾಲಬೋಧೆಯಲ್ಲಿಯೂ ಈ ವಿಚಾರ ಬರುತ್ತದೆ, ಎಂದರೆ ಇದನ್ನು ಶಾಸ್ತ್ರಪ್ರವೇಶದ ಹೊಸ್ತಿಲಲ್ಲೇ ಕಲಿಯಬೇಕೆಂದು ಆತ ಭಾವಿಸಿದ್ದನೆಂದಾಯಿತು.

ಇಂದಿನ ತರ್ಕದ ಪುಸ್ತಕಗಳು ಇದನ್ನೇ ನಾಲ್ಕು ರೂಪಗಳಾಗಿ ಬಿಡಿಸುತ್ತವೆ. ‘ಹೊಗೆಯಿದ್ದರೆ ಬೆಂಕಿ’ ಎಂದು ಒಪ್ಪಿದ ಮೇಲೆ, ಹೊಗೆಯಿದೆ ಆದ್ದರಿಂದ ಬೆಂಕಿಯಿದೆ ಎಂಬುದು ಸಿಂಧು. ಬೆಂಕಿಯಿಲ್ಲ ಆದ್ದರಿಂದ ಹೊಗೆಯಿಲ್ಲ ಎಂಬುದೂ ಸಿಂಧು. ಬೆಂಕಿಯಿದೆ ಆದ್ದರಿಂದ ಹೊಗೆಯಿದೆ, ಹೊಗೆಯಿಲ್ಲ ಆದ್ದರಿಂದ ಬೆಂಕಿಯಿಲ್ಲ ಎಂಬೆರಡೂ ಅಸಿಂಧು.

ಆಕಾರಿಕ ಸಾಧನೆಯಲ್ಲಿ ಇನ್ನೊಂದು ಕಷ್ಟವಿದೆ. ‘ಅ ಆದರೆ, (ಬ ಆದರೆ ಕ)’ ಎಂಬುದು ದತ್ತ. ‘ಬ ಆದರೆ, (ಅ ಆದರೆ ಕ)’ ಎಂಬುದನ್ನು ಸಾಧಿಸಬೇಕು. ವಿದ್ಯಾರ್ಥಿ ದತ್ತವನ್ನೇ ದಿಟ್ಟಿಸುತ್ತ ಕೂರುತ್ತಾನೆ. ಅಲ್ಲಿ ಅ ಎಂಬುದೂ ಸಿಕ್ಕಿಲ್ಲ, ಬ ಎಂಬುದೂ ಸಿಕ್ಕಿಲ್ಲ, ಆರಂಭಿಸುವುದೆಲ್ಲಿಂದ? ಕೆಲವರು ‘ಅ ಆದರೆ’ ಎಂಬುದನ್ನು ‘ಅ ಇದೆ’ ಎಂದೇ ಓದಿ ಮುಂದುವರಿಯುತ್ತಾರೆ. ಇಲ್ಲಿ ನೋಡಬೇಕಾದದ್ದು ದತ್ತದ ಕಡೆಗಲ್ಲ, ಸಾಧ್ಯದ ಆಕಾರದ ಕಡೆಗೆ. ಸಾಧ್ಯವು ‘ಬ ಆದರೆ’ ಎಂದು ಮೊದಲಾಗುತ್ತದೆ. ಆದ್ದರಿಂದ ಬ ಎಂದುಕೊಳ್ಳೋಣ. ಉಳಿದದ್ದು ‘ಅ ಆದರೆ ಕ’. ಅ ಎಂದೂ ಅಂದುಕೊಳ್ಳೋಣ. ಈಗ ಅ ಮತ್ತು ದತ್ತಗಳಿಂದ ‘ಬ ಆದರೆ ಕ’ ಬಂತು; ಅದಕ್ಕೆ ಬ ಸೇರಿ ಕ ಬಂತು. ಅ ಎಂದುಕೊಂಡದ್ದರಿಂದ ಕ ಬಂದುದರಿಂದ, ಆ ಅಂದಿಕೆಯನ್ನು ಕೈಬಿಟ್ಟು ‘ಅ ಆದರೆ ಕ’ ಎಂದು ಬರೆಯಬಹುದು. ಬಳಿಕ ಬ ಎಂಬ ಅಂದಿಕೆಯನ್ನೂ ಬಿಟ್ಟರೆ ಸಾಧ್ಯ ಸಿದ್ಧಿಸಿತು.

‘ಎಂದುಕೊಳ್ಳೋಣ’ ಎಂದು ತಂದದ್ದು ನೆರೆಮನೆಯಿಂದ ಕಡ ತಂದ ಪಾತ್ರೆಯಂತೆ. ಅಡುಗೆ ಮುಗಿದ ಮೇಲೆ ಹಿಂದಿರುಗಿಸಲೇಬೇಕು. ಹಿಂದಿರುಗಿಸಿದ ಮೇಲೆ ಮತ್ತೆ ಅದರಲ್ಲಿ ಬೇಯಿಸುವಂತಿಲ್ಲ. ಅಂದಿಕೆಯನ್ನು ತಂದು, ಬಳಸಿ, ಬಿಡುವ ಈ ಕ್ರಮವನ್ನು ವ್ಯವಸ್ಥಿತವಾದ ನಿಯಮಗಳಾಗಿ ಮೊದಲು ಪ್ರಕಟಿಸಿದವರು ಜರ್ಮನಿಯ ಗೆರ್ಹಾರ್ಡ್ ಗೆಂಟ್ಜೆನ್ ಮತ್ತು ಪೋಲೆಂಡಿನ ಸ್ಟಾನಿಸ್ಲಾವ್ ಯಾಶ್ಕೋವ್ಸ್ಕಿ. ಒಬ್ಬರಿಗೊಬ್ಬರ ಹಂಗಿಲ್ಲದೆ ಇಬ್ಬರೂ 1934ರಲ್ಲಿ ಈ ಕೆಲಸವನ್ನು ಬೆಳಕಿಗೆ ತಂದರು.

ಇನ್ನು ಕಲನ. ಒಂದು ಉದ್ದನೆಯ ಗೋಡೆಯನ್ನು ಒಂದು ಬದಿಯಾಗಿಸಿಕೊಂಡು, 100 ಮೀಟರ್ ಬೇಲಿಯಿಂದ ಉಳಿದ ಮೂರು ಬದಿಗಳನ್ನು ಕಟ್ಟಿ ಆಯತಾಕಾರದ ಅಂಗಳ ಮಾಡಬೇಕು. ವಿಸ್ತೀರ್ಣ ಗರಿಷ್ಠವಾಗುವುದು ಯಾವಾಗ? ಗೋಡೆಗೆ ಲಂಬವಾದ ಬದಿಯನ್ನು, ಅವ್ಯಕ್ತಕ್ಕೆ ನಮ್ಮ ಪ್ರಾಚೀನ ಬೀಜಗಣಿತಜ್ಞರು ಕೊಡುತ್ತಿದ್ದ ‘ಯಾ’ ಎಂಬ ಸಂಜ್ಞೆಯಿಂದಲೇ ಕರೆಯೋಣ. ಎದುರಿನ ಬದಿ 100 − 2ಯಾ. ವಿಸ್ತೀರ್ಣ 100ಯಾ − 2ಯಾ². ಇದರ ನಿಷ್ಪನ್ನ, ಎಂದರೆ ಬದಲಾವಣೆಯ ತತ್ಕ್ಷಣದ ದರ, 100 − 4ಯಾ. ಅದು ಸೊನ್ನೆಯಾಗುವುದು ಯಾ = 25 ಆದಾಗ. ಅಂಗಳ 25 ಮೀಟರಿಗೆ 50 ಮೀಟರ್, ವಿಸ್ತೀರ್ಣ 1250 ಚದರ ಮೀಟರ್.

ಉತ್ತರ ಸರಿ. ಆದರೆ ಏಕೆ ಸರಿ ಎಂದು ಕೇಳಿದರೆ ‘ನಿಷ್ಪನ್ನ ಸೊನ್ನೆಯಾದ್ದರಿಂದ’ ಎಂಬ ಉತ್ತರ ಬರುತ್ತದೆ. ಇದು ಬೆಂಕಿಯಿಂದ ಹೊಗೆಯನ್ನು ಊಹಿಸಿದಂತೆ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಹೆಸರಿನ ಪ್ರಮೇಯ ಹೇಳುವುದು ಇಷ್ಟೇ: ವ್ಯಾಪ್ತಿಯ ಒಳಗಿನ ಒಂದು ಬಿಂದುವಿನಲ್ಲಿ ಗರಿಷ್ಠವಿದ್ದು, ಅಲ್ಲಿ ನಿಷ್ಪನ್ನವೂ ಇದ್ದರೆ, ಆ ನಿಷ್ಪನ್ನ ಸೊನ್ನೆ. 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು ವಿಚಾರಿಸುವ ಭಾಸ್ಕರಾಚಾರ್ಯನೂ, ಗ್ರಹಕ್ಕೆ ಮಾಡಬೇಕಾದ ಫಲಸಂಸ್ಕಾರ ಪರಮಾವಧಿಯನ್ನು ಮುಟ್ಟುವಲ್ಲಿ ಗತಿಯ ಸಂಸ್ಕಾರ ಇಲ್ಲವಾಗುತ್ತದೆಂಬುದನ್ನು ಕಂಡಿದ್ದನು. ಅವನ ಮಾತೂ ಪರಮಾವಧಿಯಿಂದ ಸೊನ್ನೆಯ ಕಡೆಗೇ ಹೊರಟದ್ದು.

ಕಾದ ಕಬ್ಬಿಣದ ಗುಂಡು ಕಲನದಲ್ಲಿಯೂ ಉಂಟು. ಯಾ³ ಎಂಬುದರ ನಿಷ್ಪನ್ನ 3ಯಾ². ಯಾ ಸೊನ್ನೆಯಾದಾಗ ಅದು ಸೊನ್ನೆ. ಆದರೆ ಯಾ³ ಅದಕ್ಕೆ ಮೊದಲೂ ಏರುತ್ತಿತ್ತು, ಅನಂತರವೂ ಏರುತ್ತದೆ. ನಿಷ್ಪನ್ನ ಸೊನ್ನೆಯಾದರೂ ಅಲ್ಲಿ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಹಾಗಾದರೆ ಹಸಿ ಸೌದೆ ಯಾವುದು? ನಿಷ್ಪನ್ನದ ಚಿಹ್ನೆ ಧನದಿಂದ ಋಣಕ್ಕೆ ಹೊರಳುವುದು. ಅಂಗಳದ ಲೆಕ್ಕದಲ್ಲಿ ಯಾ 25ಕ್ಕಿಂತ ಕಡಿಮೆಯಿರುವಾಗ 100 − 4ಯಾ ಧನ, ಹೆಚ್ಚಾದಾಗ ಋಣ. ಏರಿದ್ದು ಇಳಿಯತೊಡಗಿತು, ಆದ್ದರಿಂದ 25 ಶಿಖರ. ಈ ಒಂದು ಸಾಲನ್ನು ಬರೆಯದ ಉತ್ತರಪತ್ರಿಕೆ, ಸಂಖ್ಯೆ ಸರಿಯಿದ್ದರೂ, ಸಾಧನೆಯಾಗಿ ಅಪೂರ್ಣ. ಅಂಥದಕ್ಕೆ ಪೂರ್ಣಾಂಕ ಕೊಡುವ ಪರೀಕ್ಷಕರ ಔದಾರ್ಯವನ್ನು ನಾನು ಮೆಚ್ಚಲಾರೆ.

ಫರ್ಮಾನ ವಾಕ್ಯದಲ್ಲಿ ‘ವ್ಯಾಪ್ತಿಯ ಒಳಗಿನ’ ಎಂಬ ವಿಶೇಷಣವನ್ನೂ ವಿದ್ಯಾರ್ಥಿಗಳು ಹಾರಿಸಿ ಓದುತ್ತಾರೆ. ಗೋಡೆಯ ಉದ್ದ 40 ಮೀಟರ್ ಮಾತ್ರ, ಅಂಗಳ ಅದರಾಚೆಗೆ ಚಾಚಬಾರದು ಎನ್ನೋಣ. ಆಗ 100 − 2ಯಾ ಎಂಬುದು 40ನ್ನು ಮೀರುವಂತಿಲ್ಲ. ಯಾ ಕನಿಷ್ಠಪಕ್ಷ 30 ಇರಬೇಕು, 50ನ್ನು ಮುಟ್ಟಿದರೆ ಅಂಗಳವೇ ಇಲ್ಲ. ನಿಷ್ಪನ್ನ ಸೊನ್ನೆಯಾಗುವ 25 ಈ ಮಿತಿಯ ಹೊರಗುಳಿಯಿತು. ‘ಸೊನ್ನೆಯಾಗುವ ಬಿಂದುವಿಲ್ಲ, ಆದ್ದರಿಂದ ಗರಿಷ್ಠವಿಲ್ಲ’ ಎಂದು ಬರೆದು ಮುಗಿಸುವವರುಂಟು. ಆದರೆ 30ರಲ್ಲಿ ನಿಷ್ಪನ್ನ −20, ಮುಂದೆ ಇನ್ನೂ ಋಣ. ವಿಸ್ತೀರ್ಣ 30ರಿಂದಾಚೆಗೆ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಅಂಚಿನ 30ರಲ್ಲಿಯೇ ಗರಿಷ್ಠ, ವಿಸ್ತೀರ್ಣ 1200 ಚದರ ಮೀಟರ್. ನಿಷ್ಪನ್ನ ಸೊನ್ನೆಯಾಗದಿದ್ದರೂ ಗರಿಷ್ಠವುಂಟು. ಫರ್ಮಾನ ಪ್ರಮೇಯಕ್ಕೆ ಇದರಿಂದ ಬಾಧೆಯಿಲ್ಲ. ಅದು ಅಂಚಿನ ಬಗೆಗೆ ಏನನ್ನೂ ಹೇಳಿರಲಿಲ್ಲ.

ಎರಡನೆಯ ನಿಷ್ಪನ್ನದ ಪರೀಕ್ಷೆಯಲ್ಲಿಯೂ ಇದೇ ಜಾಗರೂಕತೆ ಬೇಕು. ನಿಷ್ಪನ್ನ ಸೊನ್ನೆಯಾದೆಡೆ ಎರಡನೆಯ ನಿಷ್ಪನ್ನ ಋಣವಾದರೆ ಅಲ್ಲಿ ಸ್ಥಾನೀಯ ಗರಿಷ್ಠ, ಎಂದರೆ ಆಸುಪಾಸಿನ ಬೆಲೆಗಳಿಗಿಂತ ಹೆಚ್ಚಿನದು. ಅಂಗಳದ ಲೆಕ್ಕದಲ್ಲಿ ಅದು −4, ಕೆಲಸ ಮುಗಿಯಿತು. ಆದರೆ ಈ ವಾಕ್ಯ ‘ಋಣವಾದರೆ’ ಎನ್ನುತ್ತದೆ, ‘ಋಣವಾದರಷ್ಟೇ’ ಎನ್ನುವುದಿಲ್ಲ. −ಯಾ⁴ ಎಂಬುದನ್ನು ತೆಗೆದುಕೊಳ್ಳಿ. ಯಾ ಸೊನ್ನೆಯಾದಾಗ ಅದರ ಎರಡೂ ನಿಷ್ಪನ್ನಗಳು ಸೊನ್ನೆ. ಪರೀಕ್ಷೆ ಫಲಿಸಲಿಲ್ಲ, ಆದ್ದರಿಂದ ಗರಿಷ್ಠವಿಲ್ಲ ಎಂದರೆ, ಹೊಗೆ ಕಾಣದ್ದರಿಂದ ಬೆಂಕಿಯಿಲ್ಲ ಎಂದಂತಾಯಿತು. ಮೊದಲನೆಯ ನಿಷ್ಪನ್ನವಾದ −4ಯಾ³ನ್ನು ನೋಡಿದರೆ ಸೊನ್ನೆಯ ಎಡಕ್ಕೆ ಧನ, ಬಲಕ್ಕೆ ಋಣ. ಹಸಿ ಸೌದೆ ಅಲ್ಲಿದೆ. ಗರಿಷ್ಠವೂ ಅಲ್ಲಿಯೇ ಇದೆ.