ಎಂಡೋಸ್ಕೋಪಿ: ಉಪಕರಣದ ಶುದ್ಧಿಯೂ ಚಿಕಿತ್ಸೆಯ ಭಾಗವೇ

ಬಹುಕಾಲದ ಹೊಟ್ಟೆನೋವು, ಎದೆಯುರಿ, ರಕ್ತವಾಂತಿ ಮೊದಲಾದ ತೊಂದರೆಗಳಿಗೆ ವೈದ್ಯರು ಎಂಡೋಸ್ಕೋಪಿ ಪರೀಕ್ಷೆಯನ್ನು ಸೂಚಿಸುವುದು ಇಂದು ಸಾಮಾನ್ಯವಾಗಿದೆ. ಗಾಜಿನ ಎಳೆಗಳ ಮೂಲಕ ಬೆಳಕನ್ನು ಸಾಗಿಸುವ, ಸುಲಭವಾಗಿ ಬಾಗುವ ನಳಿಕೆಯನ್ನು ಬೇಸಿಲ್ ಹಿರ್ಶೋವಿಟ್ಸ್ ಅವರು 1957ರಲ್ಲಿ ಅಮೆರಿಕದಲ್ಲಿ ಬಳಕೆಗೆ ತಂದರು. ಅಂದಿನಿಂದ ಹೊಟ್ಟೆಯನ್ನು ಕೊಯ್ಯದೆಯೇ ಜಠರದ ಒಳಗನ್ನು ಕಾಣುವುದು ಹೆಚ್ಚು ಸುಲಭವಾಯಿತು. ಈ ಉಪಕರಣದ ಬೆಲೆ ಲಕ್ಷಗಳಲ್ಲಿದೆ. ಆದ್ದರಿಂದ ಒಂದೇ ನಳಿಕೆಯನ್ನು ಅನೇಕ ರೋಗಿಗಳಿಗೆ ಬಳಸುವುದು ಅನಿವಾರ್ಯ. ಹಾಗಾದರೆ ಒಬ್ಬರ ದೇಹದಿಂದ ಹೊರಬಂದ ನಳಿಕೆ ಇನ್ನೊಬ್ಬರ ದೇಹವನ್ನು ಸೇರುವ ಮುನ್ನ ಏನೇನು ನಡೆಯಬೇಕು? ಇದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಕತ್ತರಿ, ಚಿಮುಟದಂತಹ ಲೋಹದ ಉಪಕರಣಗಳನ್ನು ಒತ್ತಡದ ಹಬೆಯಲ್ಲಿಟ್ಟು ನಿರ್ಜಂತುಗೊಳಿಸಬಹುದು. ಎಂಡೋಸ್ಕೋಪಿನ ಮೃದುವಾದ ಹೊದಿಕೆ, ಮಸೂರ ಮತ್ತು ಅಂಟುಗಳು ಅಷ್ಟು ಶಾಖವನ್ನು ಸಾಮಾನ್ಯವಾಗಿ ತಾಳಲಾರವು. ಆದ್ದರಿಂದ ಗ್ಲುಟರಾಲ್ಡಿಹೈಡ್, ಪೆರಾಸಿಟಿಕ್ ಆಮ್ಲ ಮೊದಲಾದ ಪ್ರಬಲ ರೋಗಾಣುನಾಶಕ ದ್ರಾವಣಗಳಲ್ಲಿ ಅದನ್ನು ನಿಗದಿತ ಕಾಲದವರೆಗೆ ಮುಳುಗಿಸಿಡಲಾಗುತ್ತದೆ.

ಆದರೆ ದ್ರಾವಣದಲ್ಲಿ ಮುಳುಗಿಸಿದೊಡನೆ ಶುದ್ಧಿಯಾಯಿತೆಂದು ಭಾವಿಸುವುದು ದೊಡ್ಡ ತಪ್ಪು. ಹಾಲು ಒಣಗಿ ಅಂಟಿಕೊಂಡ ಪಾತ್ರೆಯನ್ನು ಉಜ್ಜದೆ ಕುದಿಯುವ ನೀರು ಸುರಿದರೆ ಆ ಪದರು ಇನ್ನಷ್ಟು ಗಟ್ಟಿಯಾಗುವುದನ್ನು ನಮ್ಮ ತಾಯಂದಿರು ಬಲ್ಲರು. ಇಲ್ಲಿಯೂ ಹಾಗೆಯೇ. ನಳಿಕೆಯೊಳಗೆ ಉಳಿದ ರಕ್ತ ಹಾಗೂ ಲೋಳೆಯನ್ನು ಗ್ಲುಟರಾಲ್ಡಿಹೈಡ್ ಅಲ್ಲಿಯೇ ಹೆಪ್ಪುಗಟ್ಟಿಸುತ್ತದೆ. ಆ ಪದರಿನ ಮರೆಯಲ್ಲಿ ರೋಗಾಣುಗಳು ಬದುಕುಳಿಯುತ್ತವೆ.

ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ, ರೋಗಿಯ ಮಗ್ಗುಲಲ್ಲಿಯೇ, ನಳಿಕೆಯನ್ನು ಒರೆಸಿ ಅದರೊಳಗೆ ಮಾರ್ಜಕ ದ್ರವವನ್ನು ಹಾಯಿಸಬೇಕು. ಬಳಿಕ ಎಲ್ಲಿಯಾದರೂ ಸೋರಿಕೆಯಿದೆಯೇ ಎಂದು ಪರೀಕ್ಷಿಸಬೇಕು. ಒಳನಾಳಗಳನ್ನು ಕುಂಚದಿಂದ ತಿಕ್ಕಿ ತೊಳೆಯುವ ಕಾರ್ಯ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಆರಂಭವಾಗಬೇಕು. ಇಷ್ಟಾದ ಮೇಲೆಯೇ ರೋಗಾಣುನಾಶಕದ ಸರದಿ. ಅನಂತರ ಶುದ್ಧ ನೀರಿನಿಂದ ತೊಳೆದು, ಒಳನಾಳಗಳಿಗೆ ಗಾಳಿ ಹಾಯಿಸಿ ಪೂರ್ಣವಾಗಿ ಒಣಗಿಸಿಡಬೇಕು. ಉಳಿದ ತೇವದಲ್ಲಿ ಒಂದೇ ರಾತ್ರಿಯಲ್ಲಿ ಸೂಕ್ಷ್ಮಾಣುಗಳು ಅಸಂಖ್ಯವಾಗಿ ವೃದ್ಧಿಯಾಗಬಲ್ಲವು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಸಾಲದೆಹೋದ ಉದಾಹರಣೆಯಿದೆ. ಪಿತ್ತನಾಳದ ಚಿಕಿತ್ಸೆಗೆ ಬಳಸುವ ಡ್ಯುಯೊಡಿನೊಸ್ಕೋಪಿನ ತುದಿಯಲ್ಲಿ ಒಂದು ಪುಟ್ಟ ಸನ್ನೆಯಿರುತ್ತದೆ. ಅದರ ಸಂದಿಗಳಿಗೆ ಕುಂಚ ಸರಿಯಾಗಿ ತಲುಪುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದ ರೊನಾಲ್ಡ್ ರೇಗನ್ ವೈದ್ಯಕೀಯ ಕೇಂದ್ರದಲ್ಲಿ ಇಂತಹ ಉಪಕರಣದ ಮೂಲಕ, ಪ್ರಬಲ ಔಷಧಗಳಿಗೂ ಜಗ್ಗದ ರೋಗಾಣುಗಳು ಏಳು ಜನರಿಗೆ ತಗುಲಿದ ಸಂಗತಿ 2015ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದಿತು. ಇಬ್ಬರ ಸಾವಿಗೆ ಆ ಸೋಂಕೂ ಕಾರಣವಾಗಿತ್ತು. ಸೋಂಕು ತಗುಲಿರಬಹುದಾದ 179 ಮಂದಿಗೆ ಆಸ್ಪತ್ರೆ ಎಚ್ಚರಿಕೆಯ ಪತ್ರ ಬರೆಯಿತು. ತಯಾರಕರ ಸೂಚನೆಯಂತೆಯೇ ಉಪಕರಣವನ್ನು ಶುದ್ಧಗೊಳಿಸಲಾಗಿತ್ತೆಂದು ಅದು ತಿಳಿಸಿತು. ಅಂದರೆ ದೋಷ ತೊಳೆದ ಕೈಗಳಲ್ಲಿ ಮಾತ್ರವೇ ಇರಲಿಲ್ಲ. ತೊಳೆಯಲಾಗದಂತಹ ರಚನೆಯಲ್ಲಿಯೂ ಇತ್ತು.

ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ತಯಾರಕರಿಂದ ಅಧ್ಯಯನ ಮಾಡಿಸಿತು. ಶುದ್ಧಗೊಳಿಸಿದ ಉಪಕರಣಗಳಿಂದ ತೆಗೆದ ಮಾದರಿಗಳ ಪೈಕಿ ಶೇಕಡಾ 5.4ರವರೆಗೆ ಅಪಾಯಕಾರಿ ರೋಗಾಣುಗಳು ಕಂಡುಬಂದವೆಂದು 2019ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ, ಒಮ್ಮೆ ಬಳಸಿ ಬಿಸುಡಬಹುದಾದ ತುದಿಯುಳ್ಳ ಉಪಕರಣಗಳತ್ತ ಸಾಗುವಂತೆ ಆಸ್ಪತ್ರೆಗಳಿಗೆ ಸಲಹೆ ನೀಡಲಾಯಿತು.

ಇದನ್ನೋದಿ ಅವಶ್ಯಕವಾದ ಪರೀಕ್ಷೆಯನ್ನು ಯಾರೂ ನಿರಾಕರಿಸಬಾರದು. ಸಾಮಾನ್ಯ ಎಂಡೋಸ್ಕೋಪಿಯಿಂದ ಸೋಂಕು ತಗುಲುವುದು ಅಪರೂಪ. ರೋಗವನ್ನು ಪತ್ತೆಮಾಡದೆ ಬಿಡುವುದೇ ಹೆಚ್ಚಿನ ಅಪಾಯ. ಆದರೆ ವಿನಯದಿಂದ ಪ್ರಶ್ನಿಸುವ ಹಕ್ಕು ನಮಗಿದೆ. ಉಪಕರಣವನ್ನು ತೊಳೆಯಲು ಪ್ರತ್ಯೇಕ ಕೋಣೆ ಮತ್ತು ತರಬೇತಿ ಪಡೆದ ಸಿಬ್ಬಂದಿ ಇದ್ದಾರೆಯೇ? ಯಾವ ನಳಿಕೆಯನ್ನು ಯಾರಿಗೆ ಬಳಸಲಾಯಿತು, ಯಾವಾಗ ಶುದ್ಧಗೊಳಿಸಲಾಯಿತು ಎಂಬ ದಾಖಲೆಯಿದೆಯೇ? ಒಳ್ಳೆಯ ಆಸ್ಪತ್ರೆ ಇಂತಹ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುತ್ತದೆ. ಪರೀಕ್ಷೆಯ ನಂತರ ಚಳಿಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ ಒಂದು ಮಾತು. ನಾವು ವೈದ್ಯರಿಗೆ ಕೈಮುಗಿಯುತ್ತೇವೆ. ಹಿಂದಿನ ಕೋಣೆಯಲ್ಲಿ, ಕಣ್ಣು ಉರಿಸುವ ದ್ರಾವಣದ ಆವಿಯ ನಡುವೆ ನಿಂತು ನಳಿಕೆ ತೊಳೆಯುವವರನ್ನು ಕಾಣುವುದೇ ಇಲ್ಲ. ಅವರಿಗೆ ಬೇಕಾದಷ್ಟು ಕಾಲಾವಕಾಶ, ಸರಿಯಾದ ತರಬೇತಿ, ಶುದ್ಧಗಾಳಿಯ ಕೋಣೆ ಮತ್ತು ತಕ್ಕ ಸಂಬಳ ದೊರೆಯುವಂತೆ ನೋಡಿಕೊಳ್ಳುವುದು ಆಸ್ಪತ್ರೆ ನಡೆಸುವವರ ಕರ್ತವ್ಯ. ಅವರ ಕೆಲಸದಲ್ಲಿ ಅವಸರವಾದರೆ ಅದರ ಬೆಲೆ ತೆರುವವರು ಮುಂದಿನ ರೋಗಿಗಳು.