ಗಾಯಕನ ಓಲೆ

ಕಳೆದ ವರ್ಷ ಮಾಗಿಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಸುಗಮ ಸಂಗೀತದಲ್ಲಿ ಈಗೀಗ ಹೆಸರು ಮಾಡುತ್ತಿರುವ ತರುಣ. ಕಾಫಿ ಆರಿಹೋಗುತ್ತಿದ್ದರೂ ಲೋಟವನ್ನು ಮುಟ್ಟಲಿಲ್ಲ. “ಸಾರ್, ನನ್ನ 9,000 ಕೇಳುಗರು ಒಂದೇ ರಾತ್ರಿಯಲ್ಲಿ ಹೋದರು” ಎಂದನು. ಜಾಲತಾಣವೊಂದರಲ್ಲಿ ಅವನದೊಂದು ಪುಟವಿತ್ತು. ಕಾರಣ ತಿಳಿಸದೆ ಅದನ್ನು ಮುಚ್ಚಿದ್ದರು. “ಅವರಲ್ಲಿ ಎಷ್ಟು ಜನರ ವಿಳಾಸ ನಿನ್ನಲ್ಲಿದೆ?” ಎಂದು ಕೇಳಿದೆ. “ಒಬ್ಬರದೂ ಇಲ್ಲ, ಸಾರ್.”

ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಹಾಡಿದವನಿಗೆ ಕೇಳಿದವರು ಯಾರೆಂದು ತಿಳಿಯದು. ಅವರನ್ನು ಕರೆಯುವ ದಾರಿಯೂ ಇಲ್ಲ. ಹಾಗಾದರೆ ಅವರು ಇವನ ರಸಿಕರೋ, ಆ ಅಂಗಡಿಯ ಗಿರಾಕಿಗಳೋ?

ಈ ಚಿಂತೆ ಹೊಸದೇನೂ ಅಲ್ಲ. 1971ರಲ್ಲಿ ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ಸಂಗೀತ ತಂಡವು ತನ್ನ ಧ್ವನಿಮುದ್ರಿಕೆಯ ಹೊದಿಕೆಯೊಳಗೆ ಒಂದು ಸಣ್ಣ ಬಿನ್ನಹವನ್ನು ಅಚ್ಚುಹಾಕಿಸಿತು. ಅಭಿಮಾನಿಗಳು ಯಾರು, ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ವಿಚಾರಿಸಿ, ವಿಳಾಸ ಕಳುಹಿಸಿದರೆ ಸಮಾಚಾರ ತಿಳಿಸುತ್ತಿರುವುದಾಗಿ ಮಾತು ಕೊಟ್ಟಿತು. ಕಾಗದಗಳು ಬಂದವು, ಆ ವಿಳಾಸಗಳಿಗೆ ಅಂಚೆಯಲ್ಲಿ ಓಲೆಗಳು ಹೋಗತೊಡಗಿದವು. 1983ರಲ್ಲಿ ಆ ತಂಡ ಕಾರ್ಯಕ್ರಮದ ಟಿಕೆಟುಗಳನ್ನೂ ಅಂಚೆಯ ಮೂಲಕ ತಾನೇ ಮಾರತೊಡಗಿತು.

ಮುಂದೆ ಅಂಚೆಯವನ ಕೆಲಸವನ್ನು ಇ-ಮೇಲ್ ವಹಿಸಿಕೊಂಡಿತು. ಬ್ರಿಟನ್ನಿನ ‘ಮರಿಲಿಯನ್’ ತಂಡವು ತನ್ನ ಪಟ್ಟಿಯಲ್ಲಿದ್ದ ಅಭಿಮಾನಿಗಳಿಗೆ ಬರೆದು, ಇನ್ನೂ ಹುಟ್ಟದ ಹಾಡುಗಳಿಗೆ ಮುಂಗಡ ಕೊಡುವಿರಾ ಎಂದು ಕೇಳಿತು. 12,000ಕ್ಕೂ ಮಿಕ್ಕಿ ಜನ ಕೊಟ್ಟರು. 2001ರಲ್ಲಿ ‘ಅನೊರಾಕ್ನೊಫೋಬಿಯಾ’ ಹೊರಬಂದಿತು.

ಆದರೆ ಓಲೆಯ ಹಿರಿಮೆ ಹಣದಲ್ಲಿಲ್ಲ. ಆಸ್ಟ್ರೇಲಿಯಾದ ಗಾಯಕ ನಿಕ್ ಕೇವ್ 2015ರಲ್ಲಿ 15 ವರ್ಷದ ಮಗನನ್ನು ಕಳೆದುಕೊಂಡನು. 2018ರಲ್ಲಿ ‘ದಿ ರೆಡ್ ಹ್ಯಾಂಡ್ ಫೈಲ್ಸ್’ ಎಂಬ ಓಲೆಯ ಮಾಲೆಯನ್ನು ಆರಂಭಿಸಿದನು. ಯಾರು ಏನನ್ನು ಬೇಕಾದರೂ ಕೇಳಬಹುದು. ಆರಿಸಿದ ಪ್ರಶ್ನೆಗೆ ಅವನು ಬರೆದ ಉತ್ತರ ಎಲ್ಲ ಓದುಗರಿಗೂ ಇ-ಮೇಲಿನಲ್ಲಿ ತಲುಪುತ್ತದೆ. ತನ್ನವರನ್ನು ಕಳೆದುಕೊಂಡ ಹೆಂಗಸೊಬ್ಬಳು ಅಗಲಿದವರ ಸಾನ್ನಿಧ್ಯವನ್ನು ಕುರಿತು ಕೇಳಿದಾಗ, ಪ್ರೀತಿಯೂ ದುಃಖವೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂದು ಪುತ್ರಶೋಕದ ಆ ತಂದೆ ಬರೆದನು. ವೇದಿಕೆಯ ಮೇಲಿಂದ ಸಾವಿರಾರು ಜನಕ್ಕೆ ಹೇಳಲಾಗದ ಮಾತನ್ನು ಕಾಗದದಲ್ಲಿ ಒಬ್ಬರಿಗೆ ಹೇಳಬಹುದು.

ಗಾಯಕನು ಸಾಧನೆ ಮಾಡಬೇಕೋ, ಕಾಗದ ಬರೆಯುತ್ತ ಕೂರಬೇಕೋ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ತಿಂಗಳಿಗೊಂದು ಸಾಕೆಂದು ನಾನು ಹುಡುಗನಿಗೆ ಹೇಳಿದೆ. ಕಚೇರಿ ಮುಗಿದಾಗ ಬಾಗಿಲ ಬಳಿ ಒಂದು ನೋಟುಪುಸ್ತಕವಿಡು. ತಾವಾಗಿ ಬರೆದುಕೊಟ್ಟವರ ವಿಳಾಸವನ್ನು ಮಾತ್ರ ಪಟ್ಟಿಗೆ ಸೇರಿಸು. ಬೇಡವೆನಿಸಿದವರು ಬಿಟ್ಟುಹೋಗಲು ಪ್ರತಿ ಓಲೆಯ ಕೊನೆಯಲ್ಲೂ ದಾರಿಯಿರಲಿ. ಪಟ್ಟಿಯ ಒಂದು ಪ್ರತಿ ನಿನ್ನ ಕೈಯಲ್ಲೇ ಇರಲಿ. ಟಿಕೆಟಿನ ಮಾತು ಒಂದು ಸಾಲು ಸಾಕು. ಈ ಕವಿತೆಗೆ ಈ ರಾಗವೇ ಏಕೆ ಒದಗಿತು, ಯಾವ ಪದದ ಬಳಿ ದನಿ ತಡವರಿಸಿತು ಎಂಬುದನ್ನು ಬರೆ. ಮರುತ್ತರ ಬಂದರೆ ನೀನೇ ಉತ್ತರಿಸು.

ಯುಗಾದಿಯ ಹೊತ್ತಿಗೆ ಅವನ ಮೊದಲ ಓಲೆ 43 ಜನಕ್ಕೆ ಹೋಯಿತು. ಆರು ಉತ್ತರಗಳು ಬಂದವು. ಅವುಗಳಲ್ಲೊಂದು ನಿವೃತ್ತ ಉಪಾಧ್ಯಾಯರದು: ಹಾಡು ಚೆನ್ನಾಗಿದೆ, ಆದರೆ ‘ಘನ’ವನ್ನು ‘ಗನ’ ಮಾಡಬೇಡಪ್ಪ ಎಂದಿದ್ದರು. ಮೂರು ವರ್ಷ ಪಾಠ ಹೇಳಿಯೂ ಅವನ ನಾಲಗೆಗೆ ಮಹಾಪ್ರಾಣವನ್ನು ಕೂಡಿಸಲಾರದೆ ಹೋಗಿದ್ದವನು ನಾನು. ಮೊನ್ನೆಯ ಕಚೇರಿಯಲ್ಲಿ ಆ ಪದ ಬಂದಾಗ ಕಿವಿಗೊಟ್ಟು ಕುಳಿತೆ. ‘ಘನ’ವೆಂದೇ ಹಾಡಿದನು.